ಬೇಜ್ ಕ್ವಾರ್ಟ್ಸ್ ಕಟ್ಟೆ: ಅಂಗಡಿಯಲ್ಲಿ ಕಂಡ ಬಣ್ಣ ಮನೆಯಲ್ಲಿ ಯಾಕೆ ಬೇರೆ ಕಾಣುತ್ತದೆ?

ಪ್ರಶ್ನೆ: ಅಡುಗೆಮನೆ ಹೊಸದಾಗಿ ಮಾಡಿಸುತ್ತಿದ್ದೇವೆ. ಕಟ್ಟೆಗೆ ಬೇಜ್, ಅಂದರೆ ತಿಳಿ ಮರಳಿನಂಥ ಬಣ್ಣದ ಕ್ವಾರ್ಟ್ಸ್ ಹಾಕಿಸುವ ಆಸೆ ನನಗೆ. ಅಂಗಡಿಯಲ್ಲಿ ಮೂರು ಮಾದರಿ ತುಂಬಾ ಇಷ್ಟವಾದವು. ಮನೆಗೆ ತಂದು ನೋಡಿದರೆ ಒಂದು ಗುಲಾಬಿ ಕಾಣುತ್ತದೆ, ಇನ್ನೊಂದು ಹಳದಿ, ಮೂರನೆಯದು ಮಂಕು. ನೆಲಕ್ಕೆ ತಿಳಿ ಬೂದು ಟೈಲ್ಸ್ ಆಗಲೇ ಹಾಕಿ ಆಗಿದೆ. ಕಪಾಟಿಗೆ ಬಿಳಿ ಅಂದುಕೊಂಡಿದ್ದೇವೆ. ಕಿಟಕಿ ಒಂದೇ, ಅದೂ ಚಿಕ್ಕದು. ಮನೆಯವರು ಬೇಜ್ ಬೇಗ ಕೊಳೆ ಕಾಣುತ್ತದೆ, ಗ್ರಾನೈಟೇ ಸಾಕು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಕಣ್ಣಿನ ಮೇಲೆ ಅನುಮಾನ ಬೇಡ. ನೀವು ಕಂಡಿದ್ದು ಸರಿಯಾಗಿಯೇ ಇದೆ. ಆ ಮೂರು ತುಂಡುಗಳ ಮೇಲೆ ಅಂಗಡಿಯಲ್ಲಿ ಬೀಳುತ್ತಿದ್ದ ಬೆಳಕು ಬೇರೆ, ನಿಮ್ಮ ಮನೆಯ ಬೆಳಕು ಬೇರೆ. ಅಲ್ಲಿ ಅವುಗಳ ಸುತ್ತ ಇದ್ದ ಬಣ್ಣ ಬೇರೆ, ಇಲ್ಲಿ ನಿಮ್ಮ ಬೂದು ನೆಲ ಇದೆ. ಬೇಜ್ ಆರಿಸುವಾಗ ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಫ್ರೆಂಚ್ ಭಾಷೆಯಲ್ಲಿ ಬೇಜ್ ಅನ್ನುವ ಪದ ಮೊದಲು ಬಂದಿದ್ದು ಬಣ್ಣ ಹಾಕದ ಉಣ್ಣೆಗೆ. ಕುರಿಯ ಮೈಮೇಲೆ ಹೇಗಿತ್ತೋ ಹಾಗೇ ಇರುವ ಉಣ್ಣೆ. ಒಂದು ಕುರಿಯದು ಕೆನೆಯ ಹಾಗಿರುತ್ತದೆ, ಇನ್ನೊಂದರದು ಮಣ್ಣಿನ ಹಾಗೆ, ಮತ್ತೊಂದರದು ಬೂದಿಯ ಹಾಗೆ. ಎಲ್ಲಕ್ಕೂ ಹೆಸರು ಒಂದೇ. ಇವತ್ತಿಗೂ ಕಥೆ ಅದೇ. ಅಂಗಡಿಯವರು ಬೇಜ್ ಅಂತ ತೋರಿಸುವ ಹತ್ತು ಸ್ಲ್ಯಾಬ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಒಂದು ಹಳದಿ ಕಡೆ ವಾಲಿರುತ್ತದೆ, ಒಂದು ಗುಲಾಬಿ ಕಡೆ, ಒಂದು ಹಸಿರು ಕಡೆ, ಒಂದು ಬೂದು ಕಡೆ. ಈ ವಾಲುವಿಕೆಯನ್ನು ನಾನು ಒಳಬಣ್ಣ ಅನ್ನುತ್ತೇನೆ. ಕಪ್ಪು ಕಟ್ಟೆಗೆ ಒಳಬಣ್ಣ ಇದ್ದರೂ ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಬೇಜ್ ತಿಳಿ ಬಣ್ಣ, ಅದರಲ್ಲಿ ಮುಚ್ಚಿಡಲು ಜಾಗವೇ ಇಲ್ಲ.

ಒಳಬಣ್ಣ ಕಂಡುಹಿಡಿಯೋದು ಕಷ್ಟವೇನಲ್ಲ. ಬರೆಯುವ ಬಿಳಿ ಹಾಳೆ ಒಂದನ್ನು ತಗೊಳ್ಳಿ. ಮಾದರಿ ತುಂಡನ್ನು ಅದರ ಮೇಲಿಟ್ಟು, ಕಿಟಕಿಯ ಹತ್ತಿರ, ಬಲ್ಬ್ ಆರಿಸಿ ನೋಡಿ. ಬರೀ ತುಂಡನ್ನು ನೋಡುವಾಗ ಬೇಜ್ ಅಂತಷ್ಟೇ ಕಾಣುತ್ತಿದ್ದದ್ದು ಬಿಳಿಯ ಪಕ್ಕ ಬಂದ ಕೂಡಲೇ ಗುಟ್ಟು ಬಿಟ್ಟುಕೊಡುತ್ತದೆ. ಅರೆ, ಇದು ಗುಲಾಬಿ ಅಲ್ವಾ ಅಂತ ನಿಮಗೇ ಅನ್ನಿಸುತ್ತದೆ. ಇನ್ನೂ ಸ್ಪಷ್ಟವಾಗಿ ಬೇಕಾದರೆ ಮೂರು ತುಂಡುಗಳನ್ನೂ ಒಂದೇ ಹಾಳೆಯ ಮೇಲೆ ಸಾಲಾಗಿ ಇಡಿ. ಒಂದರ ಪಕ್ಕ ಒಂದು ಇದ್ದಾಗ ಯಾವುದು ಯಾವ ಕಡೆ ವಾಲಿದೆ ಅಂತ ತಾನಾಗಿ ಗೊತ್ತಾಗುತ್ತದೆ.

ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಮನೆಗೆ ಬೇಜ್ ಸ್ಲ್ಯಾಬ್ ಆರಿಸಿಕೊಟ್ಟಿದ್ದೆ. ಗೋದಾಮಿನಲ್ಲಿ ನಿಲ್ಲಿಸಿಟ್ಟಿದ್ದ ಸ್ಲ್ಯಾಬ್, ಮೇಲೆ ಹಳದಿ ದೀಪ. ಬೆಚ್ಚಗಿನ ಮರಳಿನ ಹಾಗೆ ಕಾಣುತ್ತಿತ್ತು. ಆ ಮನೆಯ ನೆಲ ಸ್ವಲ್ಪ ಹಸಿರು ಬೆರೆತ ಕಲ್ಲು. ಕಟ್ಟೆ ಕೂಡಿಸಿದ ಮಾರನೇ ದಿನ ಬೆಳಿಗ್ಗೆ ಹೋಗಿ ನಿಂತೆ. ಹಸಿರಿನ ಎದುರು ಆ ಸ್ಲ್ಯಾಬಿನೊಳಗಿದ್ದ ಗುಲಾಬಿ ಪೂರ್ತಿ ಎದ್ದು ಬಂದಿತ್ತು. ಗಾಯಕ್ಕೆ ಹಚ್ಚುವ ಪಟ್ಟಿಯ ಬಣ್ಣ ನೆನಪು ಮಾಡಿಕೊಳ್ಳಿ, ಹಾಗೆ. ಮನೆಯ ಯಜಮಾನತಿ ಏನೂ ಹೇಳಲಿಲ್ಲ. ಕೈಯಿಂದ ಕಟ್ಟೆಯನ್ನು ಒಂದು ಸಲ ಸವರಿ ಸುಮ್ಮನೆ ನಿಂತರು. ಆ ಮೌನ ನನಗೆ ಇವತ್ತಿಗೂ ನೆನಪಿದೆ. ಕೊನೆಗೆ ಗೋಡೆಯ ಬಣ್ಣ ಬದಲಿಸಿ, ಬಲ್ಬುಗಳನ್ನು ಬದಲಿಸಿ ಸಾಕಷ್ಟು ಸರಿ ಮಾಡಿದೆವು. ಆದರೆ ಅವತ್ತಿನಿಂದ ನಾನು ನೆಲದ ಟೈಲ್ಸ್ ತುಂಡು ಜೊತೆಗಿಲ್ಲದೆ ಸ್ಲ್ಯಾಬ್ ನೋಡಲು ಹೋಗಿಲ್ಲ.

ಹಾಗಾಗಿ ನಿಮಗೆ ನನ್ನ ಮೊದಲ ಮಾತು ಇದು: ಬದಲಾಯಿಸಲು ಕಷ್ಟವಾದದ್ದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಸುಲಭವಾದದ್ದನ್ನು ಕೊನೆಗೆ ಬಿಡಿ. ನಿಮ್ಮ ನೆಲ ಆಗಿಹೋಗಿದೆ. ಅದಕ್ಕೆ ಹೊಂದುವ ಸ್ಲ್ಯಾಬ್ ಆರಿಸಿ. ಆಮೇಲೆ ಸ್ಲ್ಯಾಬಿಗೆ ಹೊಂದುವ ಕಪಾಟು. ಗೋಡೆಯ ಬಣ್ಣ ಕಟ್ಟಕಡೆಗೆ. ಗೋಡೆಯ ಪೇಂಟ್ ಸಾವಿರಾರು ಛಾಯೆಗಳಲ್ಲಿ ಸಿಗುತ್ತದೆ, ಸ್ಲ್ಯಾಬ್ ಹಾಗೆ ಸಿಗುವುದಿಲ್ಲ. ಬಹಳ ಜನ ಗೋಡೆಗೆ ಬಣ್ಣ ಹೊಡೆಸಿ, ಅದಕ್ಕೆ ಹೊಂದುವ ಕಲ್ಲು ಹುಡುಕುತ್ತಾ ತಿಂಗಳುಗಟ್ಟಲೆ ಅಲೆಯುತ್ತಾರೆ.

ಮಾದರಿ ನೋಡುವ ರೀತಿಯಲ್ಲೂ ಒಂದು ತಪ್ಪಾಗುತ್ತದೆ. ಅಂಗೈ ಅಗಲದ ತುಂಡನ್ನು ಕೈಯಲ್ಲಿ ಹಿಡಿದು, ಎತ್ತಿ ನೋಡುತ್ತೇವೆ. ಆದರೆ ಕಟ್ಟೆ ಮಲಗಿರುತ್ತದೆ. ಅದರ ಮೇಲೆ ಬೆಳಕು ಮೇಲಿನಿಂದ ಬೀಳುತ್ತದೆ, ಸೂರು, ಕಪಾಟು, ಗೋಡೆ ಎಲ್ಲದರ ಬಣ್ಣವನ್ನೂ ಸ್ವಲ್ಪ ಸ್ವಲ್ಪ ಹೊತ್ತುಕೊಂಡು ಬೀಳುತ್ತದೆ. ಆದ್ದರಿಂದ ಕಡಿಮೆ ಅಂದರೂ 30 ಸೆಂಟಿಮೀಟರ್ ಅಗಲದ ತುಂಡು ಕೇಳಿ ತನ್ನಿ. ಕಟ್ಟೆ ಬರುವ ಎತ್ತರದಲ್ಲೇ ಮಲಗಿಸಿ ಇಡಿ. ಉಳಿದ ಟೈಲ್ಸ್ ಒಂದನ್ನು ಅದರ ಕೆಳಗೆ, ನೆಲದ ಮಟ್ಟದಲ್ಲಿ ಇಡಿ. ಕಪಾಟಿನ ಬಾಗಿಲ ಮಾದರಿಯನ್ನು ಇವೆರಡರ ನಡುವೆ ನಿಲ್ಲಿಸಿ. ಎರಡು ಮೂರು ದಿನ ಅಲ್ಲೇ ಬಿಟ್ಟುಬಿಡಿ. ಬೆಳಿಗ್ಗೆ ಎದ್ದಾಗ, ಮಧ್ಯಾಹ್ನ, ಸಂಜೆ ದೀಪ ಹಾಕಿದ ಮೇಲೆ, ಹೋಗ್ತಾ ಬರ್ತಾ ಕಣ್ಣು ಹಾಯಿಸಿ. ಕೂತು ದಿಟ್ಟಿಸಿ ನೋಡೋದು ಬೇಡ. ಅಡುಗೆಮನೆಯನ್ನು ನಾವು ದಿನವೂ ಓರೆಗಣ್ಣಿನಲ್ಲೇ ತಾನೇ ನೋಡೋದು?

ಇಲ್ಲಿ ಬಲ್ಬಿನ ವಿಷಯ ಹೇಳಲೇಬೇಕು. ಕಿಟಕಿ ಚಿಕ್ಕದು ಅಂದಿರಿ. ಅಂದರೆ ನಿಮ್ಮ ಕಟ್ಟೆ ದಿನದ ಬಹುಪಾಲು ಬಲ್ಬಿನ ಬೆಳಕಿನಲ್ಲೇ ಇರುತ್ತದೆ. ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ. 2700 ಅಂದರೆ ಹಳದಿ ಬೆಳಕು. 4000 ಹೆಚ್ಚುಕಡಿಮೆ ಮಧ್ಯದ ಬಿಳಿ. 6500 ಅಂದರೆ ನೀಲಿ ಮಿಶ್ರಿತ ಬಿಳಿ. ಹಳದಿ ಒಳಬಣ್ಣದ ಬೇಜ್ ಮೇಲೆ 2700ರ ಬೆಳಕು ಬಿದ್ದರೆ ಕಟ್ಟೆ ಬೆಣ್ಣೆಯ ಹಾಗೆ ಹಳದಿಯಾಗುತ್ತದೆ. ಬೂದು ಒಳಬಣ್ಣದ ಬೇಜ್ ಮೇಲೆ 6500 ಬಿದ್ದರೆ ಸಿಮೆಂಟಿನ ಹಾಗೆ ಕಳೆಗುಂದುತ್ತದೆ. ನಿಮ್ಮ ಮೂರನೇ ಮಾದರಿ ಮಂಕು ಕಂಡಿದ್ದು ಇದರಿಂದಲೇ ಇರಬಹುದು. ಬೇಜ್ ಕಟ್ಟೆಗೆ ನಾನು 3000ದಿಂದ 4000ದ ಒಳಗೇ ಇರುತ್ತೇನೆ. ಇನ್ನೊಂದು ಸಂಖ್ಯೆ ಸಿಆರ್‌ಐ. ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ ಅದು, 100ಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. 90ರ ಮೇಲಿರುವ ಬಲ್ಬ್ ತಗೊಳ್ಳಿ. ಮೊದಲು ಈ ಬಲ್ಬ್ ಹಾಕಿ, ಆಮೇಲೆ ಅದೇ ಮೂರು ತುಂಡುಗಳನ್ನು ಮತ್ತೆ ನೋಡಿ. ಮೂರರಲ್ಲಿ ಒಂದಾದರೂ ನಿಮ್ಮ ಮನಸ್ಸಿಗೆ ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಈಗ ಗ್ರಾನೈಟಾ ಕ್ವಾರ್ಟ್ಸಾ ಅನ್ನುವ ವಾದ. ನಿಮ್ಮ ಮನೆಯವರ ಮಾತಿನಲ್ಲೂ ಹುರುಳಿದೆ, ಹಾಗಾಗಿ ಎರಡನ್ನೂ ನ್ಯಾಯವಾಗಿ ನೋಡೋಣ. ಗ್ರಾನೈಟ್ ಗಣಿಯಿಂದ ತೆಗೆದು, ಕೊಯ್ದು, ಹೊಳಪು ಕೊಟ್ಟ ಕಲ್ಲು. ಕ್ವಾರ್ಟ್ಸ್ ಸ್ಲ್ಯಾಬ್ ಹಾಗಲ್ಲ, ಅದನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆ. ಪುಡಿ ಮಾಡಿದ ಕ್ವಾರ್ಟ್ಸ್ ಖನಿಜ ತೂಕದಲ್ಲಿ ಸುಮಾರು ಶೇ. 90, ಉಳಿದದ್ದು ರೆಸಿನ್ ಮತ್ತು ಬಣ್ಣ. ರೆಸಿನ್ ಅಂದರೆ ಅಂಟಿನಂಥ ಪ್ಲಾಸ್ಟಿಕ್. ಈ ಮಿಶ್ರಣವನ್ನು ಗಾಳಿ ಎಳೆದು ತೆಗೆದ ಜಾಗದಲ್ಲಿ, ಅದುರಿಸುತ್ತಾ ಒತ್ತಿ, ಆಮೇಲೆ ಬಿಸಿಯಲ್ಲಿ ಗಟ್ಟಿ ಮಾಡುತ್ತಾರೆ. ಈ ವಿಧಾನವನ್ನು ರೂಪಿಸಿದ್ದು ಇಟಲಿಯ ಬ್ರೆಟನ್ ಕಂಪನಿ. ಸ್ಪೇನಿನ ಸೈಲ್‌ಸ್ಟೋನ್, ಇಸ್ರೇಲಿನ ಸೀಸರ್‌ಸ್ಟೋನ್ ಅಂತೆಲ್ಲ ನೀವು ಕೇಳುವ ಹೆಸರುಗಳು ಇದೇ ಜಾತಿಯ ಸ್ಲ್ಯಾಬ್‌ಗಳದು. ಅಂದ ಹಾಗೆ, ಕ್ವಾರ್ಟ್‌ಜೈಟ್ ಅಂತ ಇನ್ನೊಂದು ಇದೆ. ಅದು ಪೂರ್ತಿ ನೈಸರ್ಗಿಕ ಕಲ್ಲು, ಹೆಸರು ಹತ್ತಿರವಾದರೂ ಸ್ವಭಾವ ದೂರ. ಬಿಲ್ಲಿನಲ್ಲಿ ಯಾವುದು ಬರೆದಿದ್ದಾರೆ ನೋಡಿಕೊಳ್ಳಿ.

ಕ್ವಾರ್ಟ್ಸ್ ಕಟ್ಟೆಯ ಒಳ್ಳೆಯದೂ ಕೆಟ್ಟದ್ದೂ ಬರುವುದು ಆ ರೆಸಿನ್‌ನಿಂದಲೇ. ಗ್ರಾನೈಟಿನ ಕಣಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಎಣ್ಣೆ, ಕಾಫಿ ಅದರೊಳಗೆ ಇಳಿಯಬಹುದು. ಅದಕ್ಕೇ ತಿಳಿ ಬಣ್ಣದ ಗ್ರಾನೈಟಿಗೆ ಆಗಾಗ ಸೀಲರ್, ಅಂದರೆ ಸಂದು ಮುಚ್ಚುವ ದ್ರಾವಣ, ಹಚ್ಚಬೇಕಾಗುತ್ತದೆ. ಕ್ವಾರ್ಟ್ಸಿನಲ್ಲಿ ಆ ಸಂದುಗಳನ್ನು ರೆಸಿನ್ ತುಂಬಿಬಿಟ್ಟಿರುತ್ತದೆ. ಕಲೆ ಒಳಗಿಳಿಯಲು ದಾರಿ ಇಲ್ಲ, ಸೀಲರ್ ಬೇಕಾಗಿಲ್ಲ. ಹಾಗಂತ ಚೆಲ್ಲಿದ್ದನ್ನು ರಾತ್ರಿಯೆಲ್ಲಾ ಬಿಡಬಾರದು. ಬಣ್ಣ ಬಿಡುವ ಮಸಾಲೆಪುಡಿ, ಕಡು ಹಣ್ಣಿನ ರಸ ಮೇಲ್ಮೈಯ ರೆಸಿನ್‌ಗೇ ಹತ್ತಿ ಸತಾಯಿಸುತ್ತವೆ. ಆಗಲೇ ಒರೆಸಿದರೆ ಗುರುತೂ ಉಳಿಯುವುದಿಲ್ಲ.

ಇನ್ನು ಬಿಸಿ. ಇದರಲ್ಲಿ ಗ್ರಾನೈಟೇ ಗೆಲ್ಲುತ್ತದೆ, ಯಾರು ಏನೇ ಹೇಳಲಿ. ಕ್ವಾರ್ಟ್ಸ್ ಖನಿಜಕ್ಕೆ ಬಿಸಿಯಿಂದ ಏನೂ ಆಗುವುದಿಲ್ಲ, ರೆಸಿನ್‌ಗೆ ಆಗುತ್ತದೆ. 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅದಕ್ಕೆ ಪೆಟ್ಟು ಬೀಳಬಹುದು. ಕರಿಯುವ ಎಣ್ಣೆಯೇ 180 ಡಿಗ್ರಿಯ ಹತ್ತಿರ ಇರುತ್ತದೆ, ಓವನ್ ಟ್ರೇ 200 ದಾಟಿರುತ್ತದೆ. ನಾನು ಮಾಡಿಸಿಕೊಟ್ಟ ಒಂದು ಮನೆಯಲ್ಲಿ, ಫೋನ್ ಬಂತು ಅಂತ ಓವನ್ನಿನಿಂದ ತೆಗೆದ ಟ್ರೇಯನ್ನು ನೇರ ಕಟ್ಟೆಯ ಮೇಲಿಟ್ಟು ಹೋದರು. ನಾಲ್ಕೈದು ನಿಮಿಷ ಅಷ್ಟೇ. ಟ್ರೇ ಎತ್ತಿದಾಗ ಅದರ ಒಂದು ಮೂಲೆಯ ಆಕಾರದಲ್ಲೇ ಹಳದಿ ಕಲೆ ಕೂತಿತ್ತು. ನಾನು ಹೋಗಿ ಬೆರಳಾಡಿಸಿ ನೋಡಿದೆ. ಸುತ್ತ ಗಾಜಿನಂಥ ನುಣುಪು, ಆ ಜಾಗಕ್ಕೆ ಬಂದ ಕೂಡಲೇ ಬೆರಳು ಸ್ವಲ್ಪ ತಡೆಯುತ್ತಿತ್ತು. ಉಜ್ಜಿದರೂ ಹೋಗಲಿಲ್ಲ, ಹೋಗುವಂಥದ್ದೂ ಅಲ್ಲ. ಅದು ಮೇಲೆ ಕೂತ ಕೊಳೆ ಆಗಿರಲಿಲ್ಲ, ರೆಸಿನ್ನೇ ಸುಟ್ಟಿತ್ತು. ದಯವಿಟ್ಟು ಒಲೆಯ ಎರಡೂ ಪಕ್ಕ ಯಾವಾಗಲೂ ಮಣೆಯೋ ಬಿಸಿ ತಡೆಯುವ ಚಾಪೆಯೋ ಇಟ್ಟಿರಿ. ಬೇಕಾದಾಗ ಹುಡುಕುವ ಜಾಗದಲ್ಲಿ ಇದ್ದರೆ ಪ್ರಯೋಜನ ಇಲ್ಲ, ಕೈ ಚಾಚಿದರೆ ಸಿಗಬೇಕು. ಬಿಸಿ ಪಾತ್ರೆಯನ್ನು ನೇರ ಕಟ್ಟೆಯ ಮೇಲಿಡುವ ಅಭ್ಯಾಸ ನಿಮ್ಮ ಮನೆಯಲ್ಲಿ ಬಿಡಲಾಗದಷ್ಟು ಗಟ್ಟಿಯಾಗಿದ್ದರೆ, ಆಗ ಮನೆಯವರ ಮಾತು ಕೇಳಿ ಗ್ರಾನೈಟ್ ಹಾಕಿಸಿ. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ಬಿಸಿಲೂ ರೆಸಿನ್‌ಗೆ ಆಗುವುದಿಲ್ಲ. ವರ್ಷಗಟ್ಟಲೆ ನೇರ ಬಿಸಿಲು ಬಿದ್ದರೆ ಬಣ್ಣ ಹಳದಿಗೆ ತಿರುಗಬಹುದು. ಮನೆಯ ಹೊರಗಿನ ಅಡುಗೆ ಕಟ್ಟೆಗೆ ಇದನ್ನು ಹಾಕಬೇಡಿ. ನಿಮ್ಮ ಚಿಕ್ಕ ಕಿಟಕಿಯಿಂದ ಭಯ ಇಲ್ಲ.

ಬೇಜ್ ಬೇಗ ಕೊಳೆ ಕಾಣುತ್ತದೆಯಾ? ಇದು ಬಣ್ಣಕ್ಕಿಂತ ಜಾಸ್ತಿ ಚುಕ್ಕೆಗಳ ಮೇಲೆ ನಿಂತಿದೆ. ಒಂದೇ ಸಮನಾದ, ಚುಕ್ಕೆಯೇ ಇಲ್ಲದ ಬೇಜ್ ಮೇಲೆ ಒಂದು ಕಾಳು ಬಿದ್ದರೂ ಕಾಣುತ್ತದೆ. ಅದೇ ಬಣ್ಣದಲ್ಲಿ ಸಣ್ಣ ಸಣ್ಣ ಕಂದು, ಕೆನೆ, ಬೂದು ಕಣಗಳು ಬೆರೆತಿದ್ದರೆ ಬ್ರೆಡ್ಡಿನ ಚೂರು, ಒಣಗಿದ ನೀರಿನ ಹನಿ ಎಲ್ಲಾ ಅದರೊಳಗೆ ಅಡಗಿಬಿಡುತ್ತದೆ. ನಿಜ ಹೇಳಬೇಕೆಂದರೆ, ದಿನಬಳಕೆಯಲ್ಲಿ ಹೊಳೆಯುವ ಕಡುಗಪ್ಪು ಕಟ್ಟೆಯೇ ಜಾಸ್ತಿ ಗೋಳು. ಧೂಳು, ನೀರಿನ ಬಿಳಿ ಕಲೆ, ಕೈಗುರುತು ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ. ಸಣ್ಣ ಕಣಗಳ ಬೇಜ್‌ನಷ್ಟು ಸಹನೆಯ ಕಟ್ಟೆ ನಾನು ಇನ್ನೊಂದು ಕಂಡಿಲ್ಲ. ಅಂಗಡಿಯಲ್ಲಿ ಪರೀಕ್ಷೆ ಮಾಡಬೇಕಾದರೆ ಒಂದು ಬಿಸ್ಕತ್ತನ್ನು ಪುಡಿ ಮಾಡಿ ಮಾದರಿಯ ಮೇಲೆ ಉದುರಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ. ಯಾರಾದರೂ ನಕ್ಕರೆ ನಗಲಿ, ನಿಮಗೆ ಉತ್ತರ ಸಿಗುತ್ತದೆ.

ಅಮೃತಶಿಲೆಯ ಹಾಗೆ ಉದ್ದುದ್ದ ಗೆರೆ ಓಡಿರುವ ಬೇಜ್ ಸ್ಲ್ಯಾಬ್‌ಗಳು ಈಗ ಎಲ್ಲೆಡೆ ಇವೆ. ನೋಡಲು ಬಹಳ ಚಂದ. ಆದರೆ ಅವುಗಳ ವಿಷಯದಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಗೆರೆ ಸ್ಲ್ಯಾಬಿನ ದಪ್ಪದುದ್ದಕ್ಕೂ ಇಳಿದಿದೆಯಾ, ಇಲ್ಲ ಮೇಲೆ ಮಾತ್ರ ಇದೆಯಾ ನೋಡಿ. ಹೇಗೆ ಅಂದರೆ, ಸ್ಲ್ಯಾಬಿನ ಕೊಯ್ದ ಅಂಚಿನ ಕಡೆ ಬಗ್ಗಿ ನೋಡಿ. ಮೇಲಿನ ಗೆರೆ ಅಂಚಿನಲ್ಲಿ ನಿಂತುಹೋಗಿದ್ದರೆ, ನಾಳೆ ನಿಮ್ಮ ಕಟ್ಟೆಯ ಮುಂಭಾಗದಲ್ಲೂ ಸಿಂಕಿಗೆ ಕತ್ತರಿಸಿದ ಜಾಗದಲ್ಲೂ ಅದು ಹಾಗೇ ತುಂಡಾಗಿ ಕಾಣುತ್ತದೆ. ಎರಡನೆಯದು, ಜಾಯಿಂಟ್. ಸಣ್ಣ ಚುಕ್ಕೆಯ ಸ್ಲ್ಯಾಬಿನಲ್ಲಿ ಜಾಯಿಂಟ್ ಕಣ್ಣಿಗೆ ಬೀಳುವುದೇ ಕಡಿಮೆ. ದೊಡ್ಡ ಗೆರೆಯದ್ದರಲ್ಲಿ ಈ ಕಡೆಯ ಗೆರೆಗೆ ಆ ಕಡೆಯದು ಕೂಡಬೇಕು, ಅದಕ್ಕೆ ಸ್ಲ್ಯಾಬ್ ಜಾಸ್ತಿ ಬೇಕು, ಜಾಸ್ತಿ ವ್ಯರ್ಥ ಆಗುತ್ತದೆ. ಚಿಕ್ಕ ಅಡುಗೆಮನೆಗೆ ದೊಡ್ಡ ಗೆರೆ ನನಗೇನೋ ಹಿಡಿಸುವುದಿಲ್ಲ. ಮೂರು ಮೀಟರ್ ಉದ್ದದ ಸ್ಲ್ಯಾಬಿನಲ್ಲಿ ನದಿಯ ಹಾಗೆ ಹರಿಯುವ ಗೆರೆ, ಸಿಂಕು ಒಲೆ ಎಲ್ಲಾ ಕತ್ತರಿಸಿದ ಮೇಲೆ ಅಲ್ಲೊಂದು ಇಲ್ಲೊಂದು ಬಾಲ ಮಾತ್ರ ಉಳಿಯುತ್ತದೆ.

ಹೊಳಪು ಬೇಕಾ, ಮ್ಯಾಟ್ ಬೇಕಾ? ಮ್ಯಾಟ್ ಮುಟ್ಟಲು ಹಿತ, ನೋಡಲು ಶಾಂತ. ಆದರೆ ಎಣ್ಣೆ ಕೈಯ ಗುರುತು ಅದರ ಮೇಲೆ ಬೇಗ ಕೂರುತ್ತದೆ, ಒರೆಸಲು ಎರಡು ಕೈ ಜಾಸ್ತಿ ಬೇಕು. ನಿಮ್ಮದು ಬೆಳಕು ಕಡಿಮೆ ಇರುವ ಅಡುಗೆಮನೆ. ಹೊಳಪಿನದೇ ಇರಲಿ, ಇರುವ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ.

ಈಗ ನಿಮ್ಮ ಬೂದು ನೆಲ, ಬಿಳಿ ಕಪಾಟಿಗೆ ಬರುತ್ತೇನೆ. ಬೂದು ತಣ್ಣನೆ ಬಣ್ಣ. ಅದರ ಎದುರು ಹಳದಿ ಬೇಜ್ ಇಟ್ಟರೆ ಎರಡೂ ಒಂದನ್ನೊಂದು ದೂರುತ್ತವೆ: ನೆಲ ನೀಲಿ ಕಾಣುತ್ತದೆ, ಕಟ್ಟೆ ಹಳೇದಾದ ಹಾಗೆ ಕಾಣುತ್ತದೆ. ಗುಲಾಬಿ ಬೇಜ್ ಇನ್ನೂ ಕಷ್ಟ. ನಿಮಗೆ ಹೊಂದುವುದು ಬೂದು ಬೆರೆತ ಬೇಜ್. ಒದ್ದೆ ಮರಳು ಒಣಗುತ್ತಾ ಬಂದಾಗ ಇರುವ ಬಣ್ಣ ಅಂದುಕೊಳ್ಳಿ. ಅದರಲ್ಲೂ ಒಂದೆರಡು ಬೆಚ್ಚಗಿನ ಕಂದು ಕಣಗಳು ಇರುವಂಥದ್ದನ್ನು ಹುಡುಕಿ. ಬೂದು ನೆಲದ ಜೊತೆ ಮಾತಾಡಲು ಅದರೊಳಗೆ ಬೂದು ಇರುತ್ತದೆ, ಮನೆಗೆ ಬೆಚ್ಚನೆ ಭಾವ ಕೊಡಲು ಕಂದು ಇರುತ್ತದೆ. ಕಣ ಎಷ್ಟು ಸಣ್ಣದಿದ್ದರೂ ಪರವಾಗಿಲ್ಲ, ಕಣ್ಣು ಅದನ್ನು ಹಿಡಿಯುತ್ತದೆ.

ಕಪಾಟಿನ ಬಿಳಿಯ ಬಗ್ಗೆ ಮಾತ್ರ ನಾನು ನಿಮ್ಮನ್ನು ತಡೆಯುತ್ತೇನೆ. ಬೇಜ್ ಪಕ್ಕ ಅಚ್ಚ ಬಿಳಿ ಬಂದರೆ ಬೇಜ್ ಕೊಳೆಯಾದ ಬಿಳಿಯ ಹಾಗೆ ಕಾಣುತ್ತದೆ. ಮನೆಯವರ ಭಯ ನಿಜವಾಗುವುದು ಹೀಗೆ! ಸ್ವಲ್ಪ ಕೆನೆ ಬೆರೆತ ಬಿಳಿ ತಗೊಳ್ಳಿ. ಹೆಸರಿಗೆ ಬಿಳಿಯೇ, ಅಂಚು ಮಾತ್ರ ಮೆತ್ತಗೆ. ಇಲ್ಲವಾದರೆ ಮೇಲಿನ ಕಪಾಟು ಕೆನೆ ಬಿಳಿ, ಕೆಳಗಿನದು ತಿಳಿ ಮರದ ಬಣ್ಣ ಮಾಡಿ. ಓಕ್ ಮರದ ಬಣ್ಣ ಬೂದು ನೆಲಕ್ಕೂ ಬೇಜ್ ಕಟ್ಟೆಗೂ ನಡುವೆ ಒಳ್ಳೆಯ ಸೇತುವೆ. ಧೈರ್ಯ ಇದ್ದರೆ ಕೆಳಗಿನ ಕಪಾಟಿಗೆ ಬೂದಿ ಹಸಿರು ಅಥವಾ ಕಡುನೀಲಿ. ಬೇಜ್ ಎಂಥ ಗಾಢ ಬಣ್ಣವನ್ನೂ ತನ್ನ ಪಕ್ಕ ಕೂರಿಸಿಕೊಳ್ಳುತ್ತದೆ, ಅದು ಅದರ ದೊಡ್ಡ ಗುಣ. ಅದು ಸಹಿಸದೇ ಇರುವುದು ತನ್ನಂಥದ್ದೇ, ಆದರೆ ತಾನಲ್ಲದ ಇನ್ನೊಂದು ಬೇಜನ್ನು. ಕಟ್ಟೆ ಒಂದು ಬೇಜ್, ಗೋಡೆಯ ಟೈಲ್ಸ್ ಇನ್ನೊಂದು ಬೇಜ್, ಪೇಂಟ್ ಮತ್ತೊಂದು ಬೇಜ್ ಆದರೆ, ಹೊಂದಿಸಲು ಹೋಗಿ ಸೋತ ಹಾಗೆ ಕಾಣುತ್ತದೆ. ಒಂದೋ ಪೂರ್ತಿ ಹೊಂದಬೇಕು, ಇಲ್ಲ ಸಾಕಷ್ಟು ದೂರ ಇರಬೇಕು.

ಅದಕ್ಕೇ ಕಟ್ಟೆಯ ಹಿಂದಿನ ಗೋಡೆಗೆ ಸುಲಭದ ಉತ್ತರ ಅದೇ ಸ್ಲ್ಯಾಬ್. ಮೇಲಿನ ಕಪಾಟಿನ ತನಕ ಏರಿಸಬಹುದು, ಇಲ್ಲ 10 ಸೆಂಟಿಮೀಟರ್ ಪಟ್ಟಿ ಕೊಟ್ಟು ಮೇಲೆ ಪೇಂಟ್ ಬಿಡಬಹುದು. ಟೈಲ್ಸೇ ಬೇಕೆಂದರೆ ಕಪಾಟಿನ ಕೆನೆ ಬಿಳಿಗೆ ಹೊಂದುವುದನ್ನು ತಗೊಂಡು, ಟೈಲ್ಸ್ ಸಂದಿಗೆ ತುಂಬುವ ಗ್ರೌಟನ್ನು ಮಾತ್ರ ಕಟ್ಟೆಯ ಬಣ್ಣಕ್ಕೆ ತನ್ನಿ. ಒಲೆ ಗ್ಯಾಸಿನದಾದರೆ ಅದರ ಹಿಂದಿನ ಜಾಗಕ್ಕೆ ಕ್ವಾರ್ಟ್ಸ್ ಬೇಡ, ಉರಿಯ ಬಿಸಿ ತಾಗುತ್ತದೆ. ಅಲ್ಲಿ ಟೈಲ್ಸ್, ಗಾಜು ಅಥವಾ ಸ್ಟೀಲ್ ಹಾಕಿಸಿ. ನಲ್ಲಿ, ಹಿಡಿಕೆಗಳಿಗೆ ಹಿತ್ತಾಳೆ ಬಣ್ಣ ಬೇಜ್ ಜೊತೆ ಬೆಚ್ಚಗೆ ಕೂರುತ್ತದೆ. ನಿಮ್ಮ ಬೂದು ನೆಲಕ್ಕೆ ಉಜ್ಜಿದ ಸ್ಟೀಲ್ ಸಹ ಚಂದವೇ.

ದಪ್ಪಕ್ಕೆ ಬರೋಣ. ಸಾಮಾನ್ಯವಾಗಿ 20 ಅಥವಾ 30 ಮಿಲಿಮೀಟರ್ ಸಿಗುತ್ತದೆ. 20ರದ್ದು ಚದರ ಮೀಟರಿಗೆ ಸುಮಾರು 50 ಕಿಲೋ ತೂಗುತ್ತದೆ, 30ರದ್ದು 75 ಕಿಲೋ. ಕಪಾಟು ಗಟ್ಟಿಯಾಗಿದ್ದು ಸಮತಟ್ಟಾಗಿದ್ದರೆ 20 ಸಾಕು. ದಪ್ಪ ಕಾಣಬೇಕೆಂದರೆ ಮುಂದಿನ ಅಂಚನ್ನು 45 ಡಿಗ್ರಿಗೆ ಕೊಯ್ದು ಕೆಳಗೊಂದು ಪಟ್ಟಿ ಕೂಡಿಸಿಕೊಡುತ್ತಾರೆ. ಕೂತು ತಿನ್ನಲು ಕಟ್ಟೆಯನ್ನು ಹೊರಗೆ ಚಾಚುವುದಾದರೆ, 20ರ ಸ್ಲ್ಯಾಬ್ ಆಸರೆ ಇಲ್ಲದೆ 20–25 ಸೆಂಟಿಮೀಟರಿಗಿಂತ ಮುಂದೆ ಹೋಗಬಾರದು. 30ರದ್ದು ಸುಮಾರು 30 ಸೆಂಟಿಮೀಟರ್ ತನಕ. ಅದಕ್ಕೂ ಮುಂದೆ ಬೇಕೆಂದರೆ ಕೆಳಗೆ ಕಬ್ಬಿಣದ ಬ್ರ್ಯಾಕೆಟ್ ಕೊಡಲೇಬೇಕು. ಅಂಚನ್ನು ಸುಮ್ನೆ ಸ್ವಲ್ಪ ಮೊಂಡು ಮಾಡಿಸಿ. ಕತ್ತಿಯಂಥ ಚೂಪು ಅಂಚಿಗೆ ಪಾತ್ರೆ ತಗಲಿದರೆ ಚಕ್ಕೆ ಏಳುತ್ತದೆ.

ಕತ್ತರಿಸುವವರ ಜೊತೆ ಎರಡು ಮಾತು ಮೊದಲೇ ಆಡಿ. ಒಲೆ, ಸಿಂಕಿಗೆ ಕತ್ತರಿಸುವ ರಂಧ್ರದ ಒಳಮೂಲೆಗಳು ದುಂಡಗಿರಬೇಕು. ಚೌಕ ಮೂಲೆಯಿಂದಲೇ ಬಿರುಕು ಹುಟ್ಟುತ್ತದೆ. ಜಾಯಿಂಟ್ ಸಿಂಕಿನ ಮೇಲೂ ಬರಬಾರದು, ಪಾತ್ರೆ ತೊಳೆಯುವ ಯಂತ್ರದ ಮೇಲೂ ಬರಬಾರದು. ಜಾಯಿಂಟಿಗೆ ತುಂಬುವ ಅಂಟಿನ ಬಣ್ಣವನ್ನು ಸ್ಲ್ಯಾಬಿನ ಪಕ್ಕ ಇಟ್ಟು ತೋರಿಸಿ ಅಂತ ಕೇಳಿ. ಬಿಳಿ ಅಂಟು ತುಂಬಿದ ಬೇಜ್ ಜಾಯಿಂಟ್ ದೂರದಿಂದಲೇ ದಾರ ಎಳೆದ ಹಾಗೆ ಕಾಣುತ್ತದೆ. ಎರಡು ಸ್ಲ್ಯಾಬ್ ಬೇಕಾದರೆ ಎರಡೂ ಒಂದೇ ಬ್ಯಾಚಿನವಾ ಅಂತ ಲೇಬಲ್ ನೋಡಿ. ಬ್ಯಾಚಿನಿಂದ ಬ್ಯಾಚಿಗೆ ಬೇಜ್ ಒಂದು ಕೂದಲೆಳೆ ಬದಲಾದರೂ ಮೂಲೆಯಲ್ಲಿ ಗೊತ್ತಾಗುತ್ತದೆ.

ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ. ಈ ಸ್ಲ್ಯಾಬನ್ನು ಮನೆಯೊಳಗೆ ಒಣದಾಗಿ ಕೊಯ್ಯಲು ಬಿಡಬೇಡಿ. ಕ್ವಾರ್ಟ್ಸ್ ಅಂದರೆ ಸಿಲಿಕಾ. ಕೊಯ್ಯುವಾಗ ಏಳುವ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರಬಹುದು, ಅದು ವಾಸಿಯಾಗುವ ಕಾಯಿಲೆ ಅಲ್ಲ. ಸ್ಲ್ಯಾಬ್ ಕೊಯ್ಯುವ ಚಿಕ್ಕ ವಯಸ್ಸಿನ ಕೆಲಸಗಾರರಿಗೆ ಇದು ಬಂದಿದ್ದರಿಂದಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಸ್ಲ್ಯಾಬ್‌ಗಳನ್ನು ನಿಷೇಧಿಸಿತು. ಕೂಡಿಸಿದ ಕಟ್ಟೆಯಿಂದ ಧೂಳು ಏಳುವುದಿಲ್ಲ, ಅಡುಗೆ ಮಾಡುವವರಿಗೆ ತೊಂದರೆ ಇಲ್ಲ. ತೊಂದರೆ ಇರುವುದು ಕೊಯ್ಯುವವರಿಗೆ. ಕಾರ್ಖಾನೆಯಲ್ಲಿ ನೀರು ಹಾಯಿಸಿ, ಸರಿಯಾದ ಮಾಸ್ಕ್ ಹಾಕಿಕೊಂಡು ಕೊಯ್ಯುವವರಿಗೇ ಕೆಲಸ ಕೊಡಿ. ನಲ್ಲಿಯ ರಂಧ್ರ ಸಹ ಅಲ್ಲೇ ಆಗಲಿ. ಸಿಲಿಕಾ ಕಡಿಮೆ ಇರುವ ಹೊಸ ಬಗೆಯ ಸ್ಲ್ಯಾಬ್‌ಗಳು ಬರುತ್ತಿವೆ, ಆ ಬಣ್ಣದಲ್ಲಿ ಸಿಕ್ಕರೆ ಅದನ್ನೇ ಆರಿಸಿ ಅನ್ನುತ್ತೇನೆ. ಕೆಲಸ ಮಾಡುವವರ ಉಸಿರಿಗಿಂತ ನಮ್ಮ ಕಟ್ಟೆ ದೊಡ್ಡದಲ್ಲ.

ಅಳತೆ ತಗೊಳ್ಳಲು ಕಪಾಟುಗಳು ಪೂರ್ತಿ ಕೂತು, ಮಟ್ಟ ನೋಡಿ ಆದ ಮೇಲೆ ಕರೆಯಿರಿ. ಸಿಂಕು, ಒಲೆ ಆಗ ಮನೆಯಲ್ಲೇ ಇರಬೇಕು, ಚಿತ್ರ ತೋರಿಸಿದರೆ ಸಾಲದು.

ತೊಳೆಯೋದು ಸುಲಭ: ಪಾತ್ರೆ ತೊಳೆಯುವ ಸೋಪು, ಬೆಚ್ಚಗಿನ ನೀರು, ಮೆತ್ತನೆ ಬಟ್ಟೆ. ಅಂಟಿಕೊಂಡದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಸ್ಟೀಲ್ ನಾರು ಬೇಡ, ಹೊಳಪು ಹೋಗುತ್ತದೆ. ಬ್ಲೀಚ್, ಓವನ್ ತೊಳೆಯುವ ದ್ರಾವಣ, ಕೊಳವೆ ಬಿಡಿಸುವ ಪುಡಿ, ಪೇಂಟ್ ತೆಗೆಯುವ ದ್ರಾವಣ ಇವು ರೆಸಿನ್‌ಗೆ ವಿಷ. ಚಾಕುವಿನಿಂದ ಕಟ್ಟೆಯ ಮೇಲೇ ಹೆಚ್ಚಿದರೆ ಕ್ವಾರ್ಟ್ಸಿಗಿಂತ ಮೊದಲು ಚಾಕು ಮೊಂಡಾಗುತ್ತದೆ, ಮಣೆ ಬಳಸಿ.

ಕೊನೆಗೆ, ಸಿಂಕಿಗೆ ಅಂತ ಕತ್ತರಿಸಿ ತೆಗೆದ ತುಂಡು ನಿಮ್ಮದೇ. ಅದನ್ನು ಬಿಟ್ಟುಬರಬೇಡಿ, ಕೇಳಿ ಮನೆಗೆ ತರಿಸಿಕೊಳ್ಳಿ. ಅರ್ಧವನ್ನು ಕಿಟಕಿಯ ಕೆಳಗಿನ ಹಲಗೆಗೆ ಕಾರ್ಖಾನೆಯಲ್ಲೇ ಕೊಯ್ಸಿಬಿಡಿ. ಇನ್ನರ್ಧ ಕಪಾಟಿನಲ್ಲಿ ಇರಲಿ. ಹೊಸ ಸೋಪು ಏನಾದರೂ ತಂದಾಗ ಮೊದಲು ಅದರ ಮೇಲೆ ಹಚ್ಚಿ ನೋಡಬಹುದು. ಗೋಡೆಗೆ ಪೇಂಟ್ ಆರಿಸಲು ಹೋಗುವ ದಿನ ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಭಾರ ಇರುತ್ತದೆ, ಆದರೂ ಹೊತ್ತುಕೊಂಡೇ ಹೋಗಿ.